ಠಾಣೆ, ನ್ಯಾಯಾಲಯ, ಕಾರಾಗೃಹ: ಅಪರಾಧ ನ್ಯಾಯ ದಾಖಲೆಗಳನ್ನು ಇಲಾಖೆಗಳ ನಡುವೆ ಜೋಡಿಸುವ ಸಮಗ್ರ ಮಾರ್ಗದರ್ಶಿ

ಒಂದು ಅಪರಾಧ ಪ್ರಕರಣದ ಕಾಗದಪತ್ರಗಳು ಒಂದೇ ಇಲಾಖೆಯಲ್ಲಿ ಹುಟ್ಟಿ ಅಲ್ಲಿಯೇ ಮುಗಿಯುವುದಿಲ್ಲ. ಪ್ರಥಮ ವರ್ತಮಾನ ವರದಿ ಠಾಣೆಯಲ್ಲಿ ದಾಖಲಾಗುತ್ತದೆ, ಜಪ್ತಾದ ವಸ್ತುಗಳು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ, ಆರೋಪಿ ನ್ಯಾಯಾಂಗ ಬಂಧನಕ್ಕೆ ಒಳಗಾಗಿ ಕಾರಾಗೃಹ ಸೇರುತ್ತಾನೆ, ದೋಷಾರೋಪಣ ಪಟ್ಟಿಯನ್ನು ಸರ್ಕಾರಿ ಅಭಿಯೋಜಕರು ನೋಡುತ್ತಾರೆ, ಕೊನೆಗೆ ನ್ಯಾಯಾಲಯ ತೀರ್ಪು ನೀಡುತ್ತದೆ. ಈ ಐದೂ ಕಡೆ ಇಂದು ಗಣಕೀಕೃತ ವ್ಯವಸ್ಥೆಗಳಿವೆ. ಮುಂಬೈ ದಾಳಿಯ ಮರುವರ್ಷ, 2009ರಲ್ಲಿ, ಕೇಂದ್ರ ಸರ್ಕಾರ ಅಪರಾಧ ಮತ್ತು ಅಪರಾಧಿಗಳ ಜಾಡು ಹಿಡಿಯುವ, 2,000 ಕೋಟಿ ರೂಪಾಯಿಯ ಸಿಸಿಟಿಎನ್‌ಎಸ್ ಯೋಜನೆಗೆ ಒಪ್ಪಿಗೆ ಕೊಟ್ಟು ಪೊಲೀಸ್ ಠಾಣೆಗಳನ್ನು ಒಂದು ಜಾಲಕ್ಕೆ ತರಲು ಹೊರಟಿತು. ನ್ಯಾಯಾಲಯಗಳ ಇ-ಕೋರ್ಟ್ಸ್ ಯೋಜನೆ 2007ರಿಂದಲೇ ನಡೆದಿತ್ತು. ಕಾರಾಗೃಹಗಳಿಗೆ ಇ-ಪ್ರಿಸನ್ಸ್, ಪ್ರಯೋಗಾಲಯಗಳಿಗೆ ಇ-ಫೊರೆನ್ಸಿಕ್ಸ್, ಅಭಿಯೋಜಕರಿಗೆ ಇ-ಪ್ರಾಸಿಕ್ಯೂಷನ್ ಬಂದವು. ಇವನ್ನೆಲ್ಲ ಪರಸ್ಪರ ಬೆಸೆಯುವ ಐಸಿಜೆಎಸ್ ವ್ಯವಸ್ಥೆಯ ಅಡಿಯಲ್ಲಿ ಠಾಣೆ ಮತ್ತು ನ್ಯಾಯಾಲಯಗಳ ನಡುವಿನ ನೇರ ವಿನಿಮಯಕ್ಕೆ 2018ರ ಡಿಸೆಂಬರ್‌ನಲ್ಲಿ ತೆಲಂಗಾಣದ ವಾರಂಗಲ್‌ನಲ್ಲಿ ಚಾಲನೆ ದೊರೆಯಿತು. 2022ರ ಫೆಬ್ರುವರಿಯಲ್ಲಿ ಅದರ ಎರಡನೇ ಹಂತಕ್ಕೆ 3,375 ಕೋಟಿ ರೂಪಾಯಿ ಮಂಜೂರಾಯಿತು. ಒಮ್ಮೆ ಒಂದು ಕಡೆ ನಮೂದಾದ ಮಾಹಿತಿಯನ್ನು ಇನ್ನೊಂದು ಕಡೆ ಮತ್ತೆ ಟೈಪು ಮಾಡಬೇಕಾಗಬಾರದು ಎಂಬುದು ಅದರ ಘೋಷಿತ ಗುರಿ.

ಈ ಮಾರ್ಗದರ್ಶಿಯು ರಾಜ್ಯ ಅಥವಾ ಜಿಲ್ಲಾ ಮಟ್ಟದಲ್ಲಿ ಈ ಜೋಡಣೆಯನ್ನು ಕಾರ್ಯರೂಪಕ್ಕೆ ತರಬೇಕಾದವರಿಗಾಗಿ ಬರೆದದ್ದು: ಪೊಲೀಸ್ ಗಣಕ ವಿಭಾಗದ ಅಧಿಕಾರಿಗಳು, ನ್ಯಾಯಾಲಯದ ಆಡಳಿತ ಸಿಬ್ಬಂದಿ, ಕಾರಾಗೃಹದ ಕಚೇರಿಯವರು ಮತ್ತು ಅವರೊಡನೆ ಕೆಲಸ ಮಾಡುವ ತಂತ್ರಜ್ಞರು. ಉದಾಹರಣೆಗಳು ಬಹುಪಾಲು ಕರ್ನಾಟಕದವು. ಜಾಲ, ಸರ್ವರ್, ತಂತ್ರಾಂಶ ಇವು ಈ ಕೆಲಸದಲ್ಲಿ ಸುಲಭವಾದ ಭಾಗ. ಯಾವ ಸಂಗತಿಗೆ ಯಾವ ಕಚೇರಿ ಹೊಣೆ ಎಂಬುದನ್ನು ಗೊತ್ತುಮಾಡುವುದು, ಮತ್ತು ನ್ಯಾಯಾಲಯದಲ್ಲಿ ಆದ ತೀರ್ಮಾನ ಹಿಂದಿರುಗಿ ಠಾಣೆಯ ದಾಖಲೆಯನ್ನು ತಲುಪುವಂತೆ ಮಾಡುವುದು, ಇವೆರಡೇ ಕಠಿಣ. ಮುಂದಿನ ಹಂತಗಳಲ್ಲಿ ಹೆಚ್ಚಿನ ಮಾತು ಇವೆರಡರ ಬಗ್ಗೆಯೇ ಇದೆ.

ಹಂತ 1: ಉತ್ತರ ಬೇಕಿರುವ ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಿ

"ಎಲ್ಲ ದಾಖಲೆಗಳನ್ನೂ ಜೋಡಿಸಬೇಕು" ಎಂಬ ಗುರಿಯಿಂದ ಹೊರಟ ಯೋಜನೆಗಳು ಯಾವುದನ್ನೂ ಪೂರ್ತಿಯಾಗಿ ಜೋಡಿಸುವುದಿಲ್ಲ. ಬದಲಿಗೆ, ಒಂದು ಇಲಾಖೆಯ ದಾಖಲೆಯಿಂದ ಮಾತ್ರ ಉತ್ತರಿಸಲಾಗದ, ಆದರೆ ಕಾನೂನು ಉತ್ತರ ಕೇಳುವ ಒಂದು ಪ್ರಶ್ನೆಯನ್ನು ಹಿಡಿಯಿರಿ.

ಅಪರಾಧ ಪ್ರಕ್ರಿಯೆಯ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಇದಕ್ಕೆ ಹೇಳಿಮಾಡಿಸಿದ ಉದಾಹರಣೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧಗಳನ್ನು ಬಿಟ್ಟು, ಉಳಿದ ಪ್ರಕರಣಗಳಲ್ಲಿ ವಿಚಾರಣಾಧೀನ ಬಂಧಿಯು ಆ ಅಪರಾಧದ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲವನ್ನು ಬಂಧನದಲ್ಲಿ ಕಳೆದಿದ್ದರೆ ಬಿಡುಗಡೆಗೆ ಅರ್ಹನಾಗುತ್ತಾನೆ. ಹಿಂದೆಂದೂ ಯಾವ ಅಪರಾಧದಲ್ಲೂ ಶಿಕ್ಷೆಯಾಗಿರದವನಿಗೆ ಮೂರನೇ ಒಂದು ಭಾಗ ಸಾಕು. ಆದರೆ ಅವನ ಮೇಲೆ ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿ ಇದ್ದರೆ ಈ ಸೌಲಭ್ಯ ಸಿಗದು. ಅವಧಿ ಮುಗಿದ ಕೂಡಲೇ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಸಲ್ಲಿಸುವ ಹೊಣೆ ಕಾರಾಗೃಹದ ಅಧೀಕ್ಷಕರದ್ದು. ಈ ಕಲಂ, ಸಂಹಿತೆ ಜಾರಿಯಾಗುವ ಮೊದಲು ದಾಖಲಾದ ಹಳೆಯ ಪ್ರಕರಣಗಳ ವಿಚಾರಣಾಧೀನರಿಗೂ ಅನ್ವಯಿಸುತ್ತದೆ ಎಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಈಗ ಅಧೀಕ್ಷಕರ ಮೇಜಿನ ಮುಂದೆ ನಿಂತು ಯೋಚಿಸಿ. ಬಂಧನದ ದಿನಗಳ ಲೆಕ್ಕ ಅವರ ಬಳಿಯೇ ಇದೆ. ಯಾವ ಕಲಮಿನ ಅಡಿಯಲ್ಲಿ ಆರೋಪ ನಿಂತಿದೆ ಎಂಬುದು ನ್ಯಾಯಾಲಯದ ಬಳಿ ಇದೆ, ಏಕೆಂದರೆ ವಾರಂಟಿನಲ್ಲಿ ಬರೆದ ಕಲಂಗಳು ದೋಷಾರೋಪಣ ಪಟ್ಟಿಯ ಹೊತ್ತಿಗೆ ಬದಲಾಗಿರಬಹುದು. ಬೇರೆ ಪ್ರಕರಣಗಳಿವೆಯೇ ಎಂಬುದು ಬೇರೆ ಬೇರೆ ಠಾಣೆಗಳ ಬಳಿ, ಹಿಂದೆ ಶಿಕ್ಷೆಯಾಗಿದೆಯೇ ಎಂಬುದು ಇನ್ನಾವುದೋ ಜಿಲ್ಲೆಯ ನ್ಯಾಯಾಲಯದ ಬಳಿ ಇರಬಹುದು. ಈ ನಾಲ್ಕು ಉತ್ತರಗಳನ್ನು ಒಂದೇ ಪರದೆಗೆ ತರುವುದು ನಿಮ್ಮ ಮೊದಲ ಗುರಿಯಾಗಲಿ. ಇಷ್ಟನ್ನು ಸರಿಯಾಗಿ ಮಾಡಿದರೆ ಉಳಿದ ಜೋಡಣೆಗಳಿಗೆ ಬೇಕಾದ ಅಡಿಪಾಯದ ಬಹುಭಾಗ ತಾನಾಗಿಯೇ ಸಿದ್ಧವಾಗುತ್ತದೆ.

ಹಂತ 2: ಮುಗಿದ ಒಂದು ಪ್ರಕರಣದ ಜಾಡು ಹಿಡಿಯಿರಿ

ತಂತ್ರಾಂಶದ ಮಾತಿಗೆ ಮೊದಲು, ತೀರ್ಪಾಗಿ ಮುಗಿದಿರುವ ಒಂದು ಸೆಷನ್ಸ್ ಪ್ರಕರಣದ ಕಡತವನ್ನು ಎಲ್ಲ ಇಲಾಖೆಗಳಿಂದಲೂ ತರಿಸಿ, ಒಂದೇ ಮೇಜಿನ ಮೇಲೆ ಹರಡಿ, ಅದರಲ್ಲಿ ಕಾಣುವ ಪ್ರತಿಯೊಂದು ಸಂಖ್ಯೆಯನ್ನೂ ಬರೆದುಕೊಳ್ಳಿ. ಠಾಣೆಯ ಅಪರಾಧ ಸಂಖ್ಯೆ, ದೋಷಾರೋಪಣ ಪಟ್ಟಿಯ ಸಂಖ್ಯೆ, ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಸಿ.ಸಿ. ಸಂಖ್ಯೆ, ಸೆಷನ್ಸ್‌ಗೆ ಒಪ್ಪಿಸಿದ ಮೇಲೆ ಬಂದ ಎಸ್.ಸಿ. ಸಂಖ್ಯೆ, ಜಾಮೀನು ಅರ್ಜಿಯ ಸಂಖ್ಯೆ, ಬಂಧಿಯ ಸಂಖ್ಯೆ, ಮೇಲ್ಮನವಿಯ ಸಂಖ್ಯೆ ಹೀಗೆ ಪಟ್ಟಿ ಬೆಳೆಯುತ್ತದೆ. ವಸ್ತುಗಳದ್ದು ಇನ್ನೊಂದು ಕಥೆ. ಜಪ್ತಾದ ಒಂದು ಮಚ್ಚು ಠಾಣೆಯಲ್ಲಿ ಪಿ.ಎಫ್. (ಜಪ್ತು ಸ್ವತ್ತಿನ ನಮೂನೆ) ಸಂಖ್ಯೆಯಾಗಿರುತ್ತದೆ, ಪ್ರಯೋಗಾಲಯದಲ್ಲಿ ಮೊಹರು ಮಾಡಿದ ಪೊಟ್ಟಣದ ಸಂಖ್ಯೆಯಾಗಿರುತ್ತದೆ, ಸಾಕ್ಷಿ ಹೇಳಿಕೆಯ ವೇಳೆ ಎಂ.ಒ. (ವಸ್ತು ಸಾಕ್ಷ್ಯ) ಸಂಖ್ಯೆಯಾಗುತ್ತದೆ. ಮೂರೂ ಒಂದೇ ಮಚ್ಚು ಎಂದು ತೋರಿಸುವ ಸಾಲು ಎಲ್ಲಿಯೂ ಸಿಗದಿದ್ದರೆ, ಅದನ್ನು ಕೊರತೆಯೆಂದು ಗುರುತುಮಾಡಿಕೊಳ್ಳಿ.

ಇದೇ ವೇಳೆ, ಒಂದು ಮಾಹಿತಿಯನ್ನು ಎಷ್ಟು ಸಲ ಎಷ್ಟು ಜನ ಮತ್ತೆ ಬರೆದಿದ್ದಾರೆ ಎಂಬುದನ್ನೂ ನೋಡಿ. ಠಾಣಾ ಬರಹಗಾರ ಬರೆದ ಆರೋಪಿಯ ವಿಳಾಸವನ್ನು ನ್ಯಾಯಾಲಯದ ಗುಮಾಸ್ತರು, ಕಾರಾಗೃಹದ ವಾರ್ಡರ್, ಪ್ರಯೋಗಾಲಯದ ಸ್ವೀಕೃತಿ ವಿಭಾಗದವರು ಒಬ್ಬೊಬ್ಬರೂ ತಮ್ಮ ತಮ್ಮ ಕಾಗುಣಿತದಲ್ಲಿ ಬರೆದಿರುತ್ತಾರೆ. ಇವರೆಲ್ಲರನ್ನೂ, ಮತ್ತು ಠಾಣೆ ಹಾಗೂ ನ್ಯಾಯಾಲಯದ ನಡುವೆ ದಿನವೂ ಓಡಾಡುವ ಪೊಲೀಸ್ ಕಾನ್ಸ್ಟೇಬಲ್ ಆದ ಕೋರ್ಟ್ ಪಿಸಿಯನ್ನು ಮುಖ್ಯವಾಗಿ, ಈ ಸಭೆಗೆ ಕರೆಯಿರಿ. ಹಿರಿಯ ಅಧಿಕಾರಿಗಳಿಗೆ ತಿಳಿಯದ ಅನೇಕ ಅಡ್ಡದಾರಿಗಳು ಕೋರ್ಟ್ ಪಿಸಿಗೆ ಗೊತ್ತಿರುತ್ತವೆ.

ಎಲ್ಲ ಅಪರಾಧ ಪ್ರಕರಣಗಳೂ ಠಾಣೆಯಿಂದಲೇ ಹುಟ್ಟುವುದಿಲ್ಲ ಎಂಬುದನ್ನು ಈ ಹಂತದಲ್ಲಿಯೇ ದಾಖಲಿಸಿಕೊಳ್ಳಿ. ಅಬಕಾರಿ ಮತ್ತು ಅರಣ್ಯ ಇಲಾಖೆಗಳು ತಾವೇ ಪ್ರಕರಣ ದಾಖಲಿಸುತ್ತವೆ. ಖಾಸಗಿ ದೂರುಗಳು ಪಿ.ಸಿ.ಆರ್. ಸಂಖ್ಯೆಯೊಂದಿಗೆ ನೇರವಾಗಿ ನ್ಯಾಯಾಲಯಕ್ಕೆ ಬರುತ್ತವೆ. ಅಪರಾಧ ಸಂಖ್ಯೆಯನ್ನೇ ಮೂಲ ಕೀಲಿಯಾಗಿ (ದಾಖಲೆಗಳನ್ನು ಗುರುತಿಸಿ ಜೋಡಿಸುವ ಸಂಖ್ಯೆಯಾಗಿ) ಇಟ್ಟುಕೊಂಡ ವಿನ್ಯಾಸ ಇಲ್ಲಿ ಮುರಿಯುತ್ತದೆ.

ಹಂತ 3: ಪ್ರತಿ ಸಂಗತಿಗೂ ಒಬ್ಬ ಒಡೆಯನನ್ನು ಗೊತ್ತುಮಾಡಿ

ಹಿಂದಿನ ಹಂತದಲ್ಲಿ ಸಿಕ್ಕ ಪ್ರತಿಯೊಂದು ಮಾಹಿತಿಯ ಎದುರೂ, ಅದನ್ನು ಮೊದಲು ಸೃಷ್ಟಿಸುವ ಮತ್ತು ತಿದ್ದುವ ಅಧಿಕಾರ ಯಾವ ಕಚೇರಿಗಿದೆ ಎಂದು ಬರೆಯಿರಿ. ದಸ್ತಗಿರಿಯ ದಿನಾಂಕ ಮತ್ತು ಸಮಯ ತನಿಖಾಧಿಕಾರಿಯದ್ದು. ನ್ಯಾಯಾಂಗ ಬಂಧನದ ಆದೇಶ ನ್ಯಾಯಾಲಯದ್ದು. ಬಂಧಿಯನ್ನು ಒಳಗೆ ತೆಗೆದುಕೊಂಡ ಮತ್ತು ಹೊರಗೆ ಬಿಟ್ಟ ಸಮಯ ಕಾರಾಗೃಹದ್ದು. ಪರೀಕ್ಷಾ ವರದಿಯ ಅಭಿಪ್ರಾಯ ಪ್ರಯೋಗಾಲಯದ್ದು. ಉಳಿದವರೆಲ್ಲರೂ ಇವನ್ನು ಓದಬಹುದೇ ಹೊರತು ತಮ್ಮ ಪ್ರತಿಯಲ್ಲಿ ತಿದ್ದುವಂತಿಲ್ಲ. ತಪ್ಪು ಕಂಡರೆ ಒಡೆಯನಿಗೆ ತಿದ್ದುಪಡಿ ಕೋರಿಕೆ ಕಳುಹಿಸಬೇಕು.

ಒಂದೇ ಹೆಸರಿನಿಂದ ಕರೆಯಲಾಗುವ ಆದರೆ ನಿಜವಾಗಿ ಬೇರೆ ಬೇರೆಯಾದ ಸಂಗತಿಗಳು ಇಲ್ಲಿ ತೊಂದರೆ ಕೊಡುತ್ತವೆ. "ಕಲಂಗಳು" ಎಂಬ ಅಂಕಣವನ್ನೇ ನೋಡಿ. ಪ್ರಥಮ ವರ್ತಮಾನ ವರದಿಯಲ್ಲಿನ ಕಲಂಗಳು ದೂರಿನ ಮಟ್ಟದವು, ದೋಷಾರೋಪಣ ಪಟ್ಟಿಯಲ್ಲಿನವು ತನಿಖೆಯ ತೀರ್ಮಾನ, ನ್ಯಾಯಾಲಯ ಹೊರಿಸಿದ ದೋಷಾರೋಪದಲ್ಲಿನವು ನ್ಯಾಯಾಧೀಶರ ತೀರ್ಮಾನ, ಶಿಕ್ಷೆಯಾದ ಕಲಂಗಳು ಮತ್ತೂ ಬೇರೆ. ನಾಲ್ಕನ್ನೂ ಒಂದೇ ಅಂಕಣದಲ್ಲಿ ಒಂದರ ಮೇಲೊಂದು ಬರೆದರೆ, ಕೊಲೆ ಯತ್ನದ ದೂರಿನಲ್ಲಿ ಸಿಲುಕಿ ಸಾದಾ ಹಲ್ಲೆಗೆ ಮಾತ್ರ ಶಿಕ್ಷೆಯಾದವನ ಇತಿಹಾಸ ತಿರುಚಿಹೋಗುತ್ತದೆ. ನಾಲ್ಕಕ್ಕೂ ನಾಲ್ಕು ಅಂಕಣಗಳು, ನಾಲ್ಕು ದಿನಾಂಕಗಳು ಇರಲಿ.

ಹಂತ 4: ಅಧಿಕಾರದ ಗಡಿಗಳನ್ನು ಬರಹದಲ್ಲಿ ಇತ್ಯರ್ಥಪಡಿಸಿ

ಪೊಲೀಸ್, ಕಾರಾಗೃಹ, ಅಭಿಯೋಗ ಮತ್ತು ಪ್ರಯೋಗಾಲಯಗಳು ಕಾರ್ಯಾಂಗಕ್ಕೆ ಸೇರಿದವು. ಜಿಲ್ಲಾ ನ್ಯಾಯಾಲಯಗಳು ಸಂವಿಧಾನದ 227 ಮತ್ತು 235ನೇ ವಿಧಿಗಳ ಪ್ರಕಾರ ಹೈಕೋರ್ಟಿನ ಮೇಲ್ವಿಚಾರಣೆ ಮತ್ತು ನಿಯಂತ್ರಣದಲ್ಲಿವೆ. ಆದ್ದರಿಂದ ನ್ಯಾಯಾಲಯದ ಮಾಹಿತಿಯನ್ನು ಸರ್ಕಾರಿ ಸುತ್ತೋಲೆಯ ಮೂಲಕ ತರಿಸಿಕೊಳ್ಳಲಾಗದು. ಹೈಕೋರ್ಟಿನ ಒಪ್ಪಿಗೆ, ಅದರ ಗಣಕ ಸಮಿತಿಯ ಸಹಭಾಗಿತ್ವ ಬೇಕು. ಯಾವ ಮಾಹಿತಿ ಯಾವ ದಿಕ್ಕಿಗೆ ಹೋಗುತ್ತದೆ, ಯಾವ ಉದ್ದೇಶಕ್ಕೆ, ಎಷ್ಟು ಕಾಲ ಇಡಲಾಗುತ್ತದೆ, ತಪ್ಪಿದರೆ ಯಾರು ಉತ್ತರ ಕೊಡಬೇಕು ಎಂಬುದನ್ನು ಒಪ್ಪಂದದಲ್ಲಿ ಬರೆದು ಸಹಿ ಮಾಡಿಸಿ. ಈ ಕಾಗದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಆ ಕಾರಣಕ್ಕೇ ಇದನ್ನು ಬೇಗ ಆರಂಭಿಸಬೇಕು.

ಹಂಚಬಾರದ ದಾಖಲೆಗಳ ಪಟ್ಟಿಯೂ ಇದರ ಭಾಗವೇ. ಲೈಂಗಿಕ ಅಪರಾಧಗಳ ಸಂತ್ರಸ್ತರ ಗುರುತನ್ನು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ. ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಮಕ್ಕಳ ವಿಷಯದಲ್ಲಿ 2015ರ ಬಾಲನ್ಯಾಯ ಕಾಯ್ದೆ ಇನ್ನೂ ಕಟ್ಟುನಿಟ್ಟು: ಅದರ 74ನೇ ಕಲಂ ಮುಕ್ತಾಯವಾದ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಕೂಡ ಪೊಲೀಸರು ಹೊರಗೆಡಹಬಾರದು ಎನ್ನುತ್ತದೆ. 24ನೇ ಕಲಂ, ನಿಯಮದಲ್ಲಿ ಹೇಳಿದ ಅವಧಿಯ ನಂತರ, ಕೆಲವು ಅಪವಾದಗಳನ್ನು ಬಿಟ್ಟು, ದಾಖಲೆಯ ನಾಶವನ್ನೇ ಅಪೇಕ್ಷಿಸುತ್ತದೆ. ಬಾಲನ್ಯಾಯ ಮಂಡಳಿಯ ಪ್ರಕರಣಗಳು ಸಾಮಾನ್ಯ ಹುಡುಕಾಟದಲ್ಲಿ ಬರದಂತೆ ಮೂಲದಲ್ಲಿಯೇ ಪ್ರತ್ಯೇಕಿಸಿ. ಪರದೆಯ ಮೇಲೆ ಮರೆಮಾಚುವುದು ಸಾಲದು, ಏಕೆಂದರೆ ಆಗಲೂ ಮಾಹಿತಿ ಐದು ಕಡೆಗೆ ನಕಲಾಗಿಯೇ ಇರುತ್ತದೆ.

2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆಯು ಬೆರಳಚ್ಚು ಮುಂತಾದ ಅಳತೆಗಳನ್ನು 75 ವರ್ಷ ಇರಿಸಿಕೊಳ್ಳಲು ಅವಕಾಶ ಕೊಟ್ಟಿದೆ. ಆದರೆ ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ವಿಚಾರಣೆಯಿಲ್ಲದೆ ಬಿಡುಗಡೆಯಾದರೆ, ಆರೋಪಮುಕ್ತನಾದರೆ ಅಥವಾ ಖುಲಾಸೆಯಾದರೆ, ಎಲ್ಲ ಕಾನೂನು ಪರಿಹಾರಗಳೂ ಮುಗಿದ ಮೇಲೆ ಅವನ್ನು ನಾಶಮಾಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ನ್ಯಾಯಾಲಯ ಅಥವಾ ಮ್ಯಾಜಿಸ್ಟ್ರೇಟ್ ಕಾರಣ ದಾಖಲಿಸಿ ಬೇರೆ ಆದೇಶ ಮಾಡಿದ್ದರೆ ಮಾತ್ರ ಉಳಿಸಿಕೊಳ್ಳಬಹುದು. ಖುಲಾಸೆಯ ಸುದ್ದಿಯೇ ಬೆರಳಚ್ಚು ಘಟಕವನ್ನು ಮುಟ್ಟದಿದ್ದರೆ ಈ ನಿಯಮ ಜಾರಿಯಾಗುವುದು ಹೇಗೆ? ಹಂತ 9ರಲ್ಲಿ ಇದಕ್ಕೆ ಮರಳುತ್ತೇವೆ.

ಹಂತ 5: ಪ್ರಕರಣಕ್ಕೆ ಕೀಲಿ, ಆರೋಪಿಗೆ ಪ್ರತ್ಯೇಕ ಕೀಲಿ

ನ್ಯಾಯಾಲಯದ ಕಡೆಯಿಂದ ಸಿಎನ್‌ಆರ್ ಸಂಖ್ಯೆ, ಅಂದರೆ ಪ್ರತಿ ಪ್ರಕರಣಕ್ಕೂ ಬೇರೆಯಾದ ಗುರುತಿನ ಸಂಖ್ಯೆ, ಸಿದ್ಧವಾಗಿಯೇ ಇದೆ. ಹದಿನಾರು ಅಕ್ಷರಾಂಕಗಳ ಇದರಲ್ಲಿ ಮೊದಲ ಆರು ರಾಜ್ಯ, ಜಿಲ್ಲೆ ಮತ್ತು ನ್ಯಾಯಾಲಯ ಸಂಕೀರ್ಣವನ್ನೂ, ಮುಂದಿನ ಆರು ದಾಖಲೆಯ ಕ್ರಮಾಂಕವನ್ನೂ, ಕೊನೆಯ ನಾಲ್ಕು ವರ್ಷವನ್ನೂ ಹೇಳುತ್ತವೆ. ಠಾಣೆಯ ಕಡೆಯಿಂದ ಠಾಣೆಯ ಸಂಕೇತ, ವರ್ಷ ಮತ್ತು ಅಪರಾಧ ಸಂಖ್ಯೆ ಮೂರನ್ನೂ ಸೇರಿಸಿದ ಕೀಲಿ ಬೇಕು. ಬರಿಯ "112/2024" ಎಂಬುದು ರಾಜ್ಯದ ನೂರಾರು ಠಾಣೆಗಳಲ್ಲಿ ಇರುತ್ತದೆ.

ಈ ಎರಡು ಕೀಲಿಗಳ ನಡುವೆ ಒಂದಕ್ಕೆ ಒಂದು ಎಂಬ ಸಂಬಂಧವಿಲ್ಲ. ಒಬ್ಬ ಆರೋಪಿ ತಲೆಮರೆಸಿಕೊಂಡರೆ ಅವನ ಮಟ್ಟಿಗೆ ಪ್ರಕರಣವನ್ನು ವಿಭಜಿಸಿ ಹೊಸ ಸಂಖ್ಯೆ ಕೊಡಲಾಗುತ್ತದೆ. ಒಂದೇ ಗಲಾಟೆಯ ಎರಡು ಕಡೆಯವರೂ ದೂರು ಕೊಟ್ಟರೆ ಪ್ರತಿದೂರಿನ ಪ್ರಕರಣಗಳು ಜೊತೆಯಾಗಿ ನಡೆಯುತ್ತವೆ. ಹೀಗಾಗಿ ಜೋಡಣೆಯ ಘಟಕ "ಪ್ರಕರಣ" ಆಗಿರದೆ "ಈ ಪ್ರಕರಣದಲ್ಲಿನ ಈ ಆರೋಪಿ" ಆಗಿರಬೇಕು. ಅಲ್ಲಿಯೂ ಎಚ್ಚರ: ಪ್ರಥಮ ವರ್ತಮಾನ ವರದಿಯಲ್ಲಿ ಎ-3 (ಮೂರನೇ ಆರೋಪಿ) ಆಗಿದ್ದವನು, ಎ-2ನ್ನು ತನಿಖೆಯಲ್ಲಿ ಕೈಬಿಟ್ಟ ಕಾರಣ, ದೋಷಾರೋಪಣ ಪಟ್ಟಿಯಲ್ಲಿ ಎ-2 ಆಗಿ ಬರುತ್ತಾನೆ. ಈ ಶ್ರೇಯಾಂಕವನ್ನು (ಆರೋಪಿಯ ಕ್ರಮಸಂಖ್ಯೆಯನ್ನು) ನಂಬಿದ ತಂತ್ರಾಂಶ ಒಬ್ಬನ ಜಾಮೀನನ್ನು ಇನ್ನೊಬ್ಬನಿಗೆ ಬರೆಯುತ್ತದೆ. ಆದ್ದರಿಂದ ಆರೋಪಿಗೆ ದಸ್ತಗಿರಿಯ ಅಥವಾ ಮೊದಲ ನಮೂದಿನ ಹೊತ್ತಿಗೇ ಬದಲಾಗದ ಆಂತರಿಕ ಸಂಖ್ಯೆ ಕೊಟ್ಟು, ಶ್ರೇಯಾಂಕವನ್ನು ಅದರ ಜೊತೆಗಿರುವ ಬದಲಾಗಬಹುದಾದ ವಿವರವಾಗಿ ಇಡಿ.

ಹಂತ 6: ಹೆಸರುಗಳು, ಊರುಗಳು, ವಯಸ್ಸು

ಹಳೆ ಮೈಸೂರು ಭಾಗದಲ್ಲಿ ಊರಿನ ಅಥವಾ ತಂದೆಯ ಮೊದಲಕ್ಷರ ಹೆಸರಿಗೆ ಮುಂಚೆ ಬರುತ್ತದೆ, ಉತ್ತರ ಕರ್ನಾಟಕದಲ್ಲಿ ತಂದೆಯ ಹೆಸರು ನಡುವೆ, ಮನೆತನದ ಹೆಸರು ಕೊನೆಗೆ. ಠಾಣೆಯ ದಾಖಲೆಯಲ್ಲಿ "ಬಿನ್" (ಇಂಥವರ ಮಗ), "ಕೋಂ" (ಇಂಥವರ ಹೆಂಡತಿ) ಎಂಬ ಪದಗಳು ಸಂಬಂಧವನ್ನು ಹೇಳುತ್ತವೆ, "@" ಗುರುತು ಅಡ್ಡಹೆಸರನ್ನು ಸೂಚಿಸುತ್ತದೆ. ಇವೆಲ್ಲವನ್ನೂ ಒಂದೇ ಅಂಕಣದಲ್ಲಿ ತುರುಕಿದ "ಸೀನ @ ಶ್ರೀನಿವಾಸ ಬಿನ್ ಲೇಟ್ ಮುನಿಯಪ್ಪ" ಎಂಬ ನಮೂದನ್ನು ಯಾವ ಯಂತ್ರವೂ ಸರಿಯಾಗಿ ಹೋಲಿಸಲಾರದು. ಹೆಸರು, ಅಡ್ಡಹೆಸರು, ಸಂಬಂಧದ ಬಗೆ, ಸಂಬಂಧಿಯ ಹೆಸರು, ಮನೆತನದ ಹೆಸರು ಇವು ಬೇರೆ ಬೇರೆ ಅಂಕಣಗಳಾಗಲಿ. ಅಡ್ಡಹೆಸರುಗಳಿಗೆ ಮಿತಿ ಇಡಬೇಡಿ. ಇಂಗ್ಲಿಷ್ ಲಿಪಿಯಲ್ಲಿ ಬರೆದಾಗ ಮಂಜುನಾಥ, ವೆಂಕಟೇಶ ಮುಂತಾದ ಹೆಸರುಗಳ ಕೊನೆಯ ಅಕಾರವನ್ನು ಕೆಲವರು ಬರೆಯುತ್ತಾರೆ, ಕೆಲವರು ಬಿಡುತ್ತಾರೆ. ಆದ್ದರಿಂದ ಕನ್ನಡ ರೂಪವನ್ನು ಮೂಲವೆಂದು ಇರಿಸಿಕೊಂಡು ಇಂಗ್ಲಿಷ್ ರೂಪಗಳನ್ನು ಅದರಿಂದ ಪಡೆಯುವುದು ಮೇಲು.

ಹೊಸಹಳ್ಳಿ ಎಂಬ ಊರು ಎಷ್ಟು ತಾಲ್ಲೂಕುಗಳಲ್ಲಿ ಇಲ್ಲ? ಊರಿನ ಹೆಸರಿನ ಜೊತೆಗೆ ಕೇಂದ್ರ ಸರ್ಕಾರದ ಸ್ಥಳೀಯ ಆಡಳಿತ ಕೋಶದ (ಲೋಕಲ್ ಗವರ್ನಮೆಂಟ್ ಡೈರೆಕ್ಟರಿ) ಸಂಕೇತವನ್ನು ಬಳಸಿ. ಜನ್ಮದಿನಾಂಕ ತಿಳಿಯದೆ "ಸುಮಾರು 35 ವರ್ಷ" ಎಂದು ಬರೆದಿದ್ದರೆ, ಅದು ಯಾವ ದಿನದ ಅಂದಾಜು ಎಂಬುದನ್ನೂ ಇಡಿ. ಜನವರಿ 1 ಎಂದು ಸುಮ್ಮನೆ ತುಂಬಿದ ಜನ್ಮದಿನಾಂಕಗಳು ಹೋಲಿಕೆಯನ್ನು ಹಾಳುಮಾಡುತ್ತವೆ.

ಹೆಸರಿನ ಹೋಲಿಕೆಯಿಂದ ಬರುವುದು ಸಂಭವನೀಯ ವ್ಯಕ್ತಿಗಳ ಪಟ್ಟಿ ಮಾತ್ರ. ರಾಷ್ಟ್ರೀಯ ಬೆರಳಚ್ಚು ವ್ಯವಸ್ಥೆಯಾದ ನಾಫಿಸ್ ಪ್ರತಿ ವ್ಯಕ್ತಿಗೂ ಹತ್ತು ಅಂಕಿಯ ಸಂಖ್ಯೆ ಕೊಡುತ್ತದೆ; ಅದು ಲಭ್ಯವಿದ್ದರೆ ಗಟ್ಟಿ ಆಧಾರ. ಇಲ್ಲದ ಕಡೆ, ಇಬ್ಬರನ್ನು ಒಬ್ಬನೆಂದು ಸೇರಿಸುವ ತೀರ್ಮಾನವನ್ನು ಮನುಷ್ಯನೇ ಮಾಡಬೇಕು, ತೀರ್ಮಾನಿಸಿದವರ ಹೆಸರು ದಾಖಲಾಗಬೇಕು, ತಪ್ಪೆಂದು ತಿಳಿದಾಗ ಮತ್ತೆ ಬೇರ್ಪಡಿಸಲು ಬರಬೇಕು. ಇಬ್ಬರು ಬೇರೆಯವರನ್ನು ಒಂದುಗೂಡಿಸುವ ತಪ್ಪು, ಒಬ್ಬನನ್ನೇ ಇಬ್ಬರಾಗಿ ಬಿಡುವ ತಪ್ಪಿಗಿಂತ ಎಷ್ಟೋ ಪಾಲು ಅಪಾಯಕಾರಿ. ಹೋಲಿಕೆಯ ಮಟ್ಟವನ್ನು ಇದನ್ನು ನೆನಪಿಟ್ಟುಕೊಂಡೇ ನಿಗದಿಪಡಿಸಿ.

ಹಂತ 7: ಕಾಯ್ದೆ ಮತ್ತು ಕಲಂಗಳ ಸಂಕೇತ ಪಟ್ಟಿ

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಸೇರಿದಂತೆ ಹೊಸ ಸಂಹಿತೆಗಳು ಜಾರಿಗೆ ಬಂದವು. ಅದಕ್ಕೂ ಮೊದಲು ನಡೆದ ಅಪರಾಧಗಳಿಗೆ ಭಾರತೀಯ ದಂಡ ಸಂಹಿತೆಯೇ ಅನ್ವಯಿಸುವುದರಿಂದ, ಎರಡೂ ಕಾಯ್ದೆಗಳ ಕಲಂಗಳು ಇನ್ನೂ ಅನೇಕ ವರ್ಷ ಒಟ್ಟಿಗೆ ಬಾಳಲಿವೆ. ಹಳೆಯ ಸಂಹಿತೆಯ 302 ಎಂದರೆ ಕೊಲೆ. ಹೊಸದರಲ್ಲಿ ಕೊಲೆಯ ಶಿಕ್ಷೆ 103ಕ್ಕೆ ಹೋಗಿದೆ, ಮತ್ತು 302 ಧಾರ್ಮಿಕ ಭಾವನೆ ನೋಯಿಸುವ ಮಾತಿಗೆ ಸಂಬಂಧಿಸಿದ್ದು. ಹಳೆಯ 304 ಕೊಲೆಯಲ್ಲದ ಮಾನವಹತ್ಯೆ, ಹೊಸ 304 ಕಿತ್ತುಕೊಂಡು ಓಡುವ ಕಳವು. ಕಾಯ್ದೆಯ ಸಂಕೇತವಿಲ್ಲದೆ ಬರಿಯ ಅಂಕಿ ಸಂಗ್ರಹಿಸಿದರೆ ಸರಗಳ್ಳನೊಬ್ಬ ಮಾನವಹತ್ಯೆಯ ಆರೋಪಿಯಾಗಿಬಿಡುತ್ತಾನೆ. ಕಾಯ್ದೆ, ಕಲಂ, ಉಪಕಲಂ ಮತ್ತು ಅಪರಾಧ ನಡೆದ ದಿನಾಂಕ ನಾಲ್ಕೂ ಕಡ್ಡಾಯವಾಗಲಿ. ಕರ್ನಾಟಕ ಪೊಲೀಸ್ ಕಾಯ್ದೆ, ಕರ್ನಾಟಕ ಅಬಕಾರಿ ಕಾಯ್ದೆಯಂತಹ ರಾಜ್ಯ ಕಾಯ್ದೆಗಳನ್ನು ಈ ಪಟ್ಟಿಗೆ ಸೇರಿಸಲು ಮರೆಯಬೇಡಿ. ಪಟ್ಟಿಯನ್ನು ನವೀಕರಿಸುವ ಹೊಣೆ ಒಂದೇ ಕಚೇರಿಯದಾಗಿರಲಿ.

ಹಂತ 8: ಸಂದೇಶಗಳು ಮತ್ತು ದಸ್ತಾವೇಜುಗಳು

ದಿನಕ್ಕೊಮ್ಮೆ ಇಡೀ ದತ್ತಾಂಶ ಕೋಶವನ್ನು ನಕಲು ಮಾಡುವ ಪದ್ಧತಿಯನ್ನು ಬಿಟ್ಟು, ಘಟನೆ ನಡೆದಾಗ ಸಂದೇಶ ಹೊರಡುವ ಪದ್ಧತಿಯನ್ನು ಅಳವಡಿಸಿ: ಪ್ರಕರಣ ದಾಖಲು, ದಸ್ತಗಿರಿ, ಬಂಧನ ವಿಸ್ತರಣೆ, ಜಾಮೀನು ಆದೇಶ, ಬಿಡುಗಡೆ, ವಸ್ತು ಸ್ವೀಕೃತಿ, ಪರೀಕ್ಷಾ ವರದಿ, ದೋಷಾರೋಪಣ ಪಟ್ಟಿ ಅಥವಾ ಬಿ ರಿಪೋರ್ಟ್ (ಆರೋಪಕ್ಕೆ ಆಧಾರವಿಲ್ಲವೆಂದು ತನಿಖೆ ಮುಗಿಸುವ ವರದಿ), ವಾರಂಟ್ ಹೊರಡಿಕೆ, ವಾರಂಟ್ ರದ್ದು, ತೀರ್ಪು, ಮೇಲ್ಮನವಿ. ಸ್ವೀಕರಿಸಿದ ವ್ಯವಸ್ಥೆಯು "ತಲುಪಿದೆ" ಎಂಬುದನ್ನೂ "ನನ್ನ ದಾಖಲೆಗೆ ಸೇರಿಸಿದ್ದೇನೆ" ಎಂಬುದನ್ನೂ ಬೇರೆ ಬೇರೆಯಾಗಿ ತಿಳಿಸಬೇಕು. ಸಂದೇಶ ತಲುಪಿ, ಕೀಲಿ ಹೊಂದದೆ ತಿರಸ್ಕೃತವಾಗಿ, ಯಾರೂ ನೋಡದ ಪಟ್ಟಿಯೊಂದರಲ್ಲಿ ಬಿದ್ದಿರುವುದು ಇಂತಹ ಯೋಜನೆಗಳಲ್ಲಿ ಬಹಳ ಸಾಮಾನ್ಯ. ತಿರಸ್ಕೃತ ಸಂದೇಶಗಳಿಗೆ ಹುದ್ದೆಯ ಹೆಸರು ಹೇಳಿ ಒಬ್ಬ ಸಿಬ್ಬಂದಿಯನ್ನು ನೇಮಿಸಿ, ಅಂದೇ ತೀರಿಸುವ ಕಟ್ಟಳೆ ಮಾಡಿ. ಜಾಲ ಕಡಿದುಹೋದಾಗ ಸಂದೇಶ ಸರದಿಯಲ್ಲಿ ಕಾದು ಮತ್ತೆ ಹೊರಡಬೇಕು. ಎರಡು ಸಲ ಬಂದರೂ ಒಮ್ಮೆಯೇ ಲೆಕ್ಕಕ್ಕೆ ಬರಬೇಕು.

ದಸ್ತಾವೇಜುಗಳ ವಿಷಯದಲ್ಲಿ ಕರ್ನಾಟಕದಲ್ಲಿ ಒಂದು ತೊಡಕಿದೆ. ಹಿಂದಿನ ವರ್ಷಗಳ ಅಸಂಖ್ಯ ಹೇಳಿಕೆಗಳು, ಮಹಜರುಗಳು ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಇವೆ. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಗಣಕಕ್ಕೆ ಅವು ಅರ್ಥವಿಲ್ಲದ ರೋಮನ್ ಚಿಹ್ನೆಗಳು, ಹುಡುಕಾಟಕ್ಕೆ ಸಿಗುವುದಿಲ್ಲ. ಇವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿನಿಂದ ಪರಿಶೀಲಿಸಿ, ಮೂಲ ಕಡತವನ್ನು ಮುಟ್ಟದೆ ಹಾಗೆಯೇ ಇರಿಸಿ.

ಮೂಲ ಕಡತವನ್ನು ಮುಟ್ಟಬಾರದು ಎಂಬುದಕ್ಕೆ ಕಾನೂನಿನ ಕಾರಣವೂ ಇದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯೊಂದಿಗೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಅದರ ಹ್ಯಾಶ್ ಮೌಲ್ಯವನ್ನು (ಕಡತ ಸ್ವಲ್ಪ ಬದಲಾದರೂ ಬದಲಾಗುವ, ಅದರಿಂದಲೇ ಲೆಕ್ಕಹಾಕಿದ ಗುರುತನ್ನು) ನಮೂದಿಸಬೇಕು. ಶೋಧ ಮತ್ತು ಜಪ್ತಿಯನ್ನು ದೃಶ್ಯ-ಶ್ರವ್ಯ ರೂಪದಲ್ಲಿ ದಾಖಲಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುತ್ತದೆ. ವಿದ್ಯುನ್ಮಾನ ಸಾಧನಗಳು ಯಾರ ವಶದಿಂದ ಯಾರ ವಶಕ್ಕೆ ಹೋದವು ಎಂಬ ಅನುಕ್ರಮ ಪೊಲೀಸ್ ವರದಿಯಲ್ಲಿ ಇರಬೇಕೆಂದು 193ನೇ ಕಲಂ ಹೇಳುತ್ತದೆ. ಕಡತ ಹುಟ್ಟಿದ ಸ್ಥಳದಲ್ಲಿಯೇ ಹ್ಯಾಶ್ ತೆಗೆದು, ಪ್ರತಿ ವರ್ಗಾವಣೆಯಲ್ಲೂ ಹೋಲಿಸಿ, ಫಲಿತಾಂಶವನ್ನು ದಾಖಲಿಸಿ.

ಹಂತ 9: ಹಿಂದಿರುಗುವ ದಾರಿ

ಠಾಣೆಯಿಂದ ನ್ಯಾಯಾಲಯದ ಕಡೆಗೆ ಮಾಹಿತಿ ಹರಿಯುವುದಕ್ಕೆ ಒತ್ತಡವಿರುತ್ತದೆ. ದೋಷಾರೋಪಣ ಪಟ್ಟಿ 60 ಅಥವಾ 90 ದಿನಗಳಲ್ಲಿ ಸಲ್ಲಿಕೆಯಾಗದಿದ್ದರೆ ಆರೋಪಿಗೆ ಜಾಮೀನಿನ ಹಕ್ಕು ಹುಟ್ಟುತ್ತದೆ. ಆದರೆ ನ್ಯಾಯಾಲಯದಿಂದ ಹಿಂದಕ್ಕೆ ಬರುವ ಸುದ್ದಿಗೆ ಅಂತಹ ಒತ್ತಡ ಕಡಿಮೆ. ಅದರ ಫಲವಾಗಿ ಠಾಣೆಯ ಕೋಶದಲ್ಲಿ ದಸ್ತಗಿರಿ ಉಳಿಯುತ್ತದೆ, ಖುಲಾಸೆ ಸೇರುವುದಿಲ್ಲ. ಹತ್ತು ವರ್ಷದ ಬಳಿಕ ಪಾಸ್‌ಪೋರ್ಟಿಗೋ ನೌಕರಿಗೋ ಪರಿಶೀಲನೆ ಬಂದಾಗ ಆ ಅರೆದಾಖಲೆಯೇ ಮಾತನಾಡುತ್ತದೆ. ಜೋಡಣೆಗೆ ಮೊದಲು ಈ ಅರೆದಾಖಲೆ ಒಂದು ಠಾಣೆಯ ಕಪಾಟಿನಲ್ಲಿತ್ತು, ಜೋಡಣೆಯ ನಂತರ ಅದು ದೇಶದ ಎಲ್ಲ ಠಾಣೆಗಳ ಪರದೆಯ ಮೇಲಿರುತ್ತದೆ. ಹಿಂದಿರುಗುವ ದಾರಿಯಿಲ್ಲದ ಜೋಡಣೆಗಿಂತ ಜೋಡಣೆಯೇ ಇಲ್ಲದಿರುವುದು ಒಳಿತು ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ಮೂರು ಸಂದೇಶಗಳಿಗೆ ಮೊದಲ ಆದ್ಯತೆ ಕೊಡಿ. ಒಂದನೆಯದು ಜಾಮೀನು ಆದೇಶ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದಂತೆ, ಜಾಮೀನು ಕೊಟ್ಟ ನ್ಯಾಯಾಲಯವು ಅಂದೇ ಅಥವಾ ಮರುದಿನ ಆದೇಶದ ಪ್ರತಿಯನ್ನು ಇ-ಮೇಲ್ ಮೂಲಕ ಕಾರಾಗೃಹದ ಅಧೀಕ್ಷಕರಿಗೆ ಕಳುಹಿಸಬೇಕು, ಅಧೀಕ್ಷಕರು ಆ ದಿನಾಂಕವನ್ನು ಇ-ಪ್ರಿಸನ್ಸ್ ತಂತ್ರಾಂಶದಲ್ಲಿ ನಮೂದಿಸಬೇಕು, ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ನಿಮ್ಮ ವ್ಯವಸ್ಥೆಯು ಏಳನೇ ದಿನ ಈ ಪಟ್ಟಿಯನ್ನು ತಾನಾಗಿಯೇ ತಯಾರಿಸಲಿ. ಶ್ಯೂರಿಟಿ ಸಿಗದೆ ಒಳಗೆ ಉಳಿದವರು ಯಾರು, ಬೇರೆ ಪ್ರಕರಣದ ಬಾಡಿ ವಾರಂಟ್ (ಬಂಧಿಯನ್ನು ಹಾಜರುಪಡಿಸುವ ಆದೇಶ) ಕಾರಣಕ್ಕೆ ಉಳಿದವರು ಯಾರು ಎಂಬುದು ಅದರಲ್ಲಿ ಪ್ರತ್ಯೇಕವಾಗಿ ಕಾಣಬೇಕು.

ಎರಡನೆಯದು ವಾರಂಟ್ ರದ್ದು. ಅಮೆರಿಕದ ಅಲಬಾಮಾ ರಾಜ್ಯದಲ್ಲಿ, ಐದು ತಿಂಗಳ ಹಿಂದೆಯೇ ಹಿಂಪಡೆದಿದ್ದ ವಾರಂಟೊಂದು ನೆರೆಯ ಕೌಂಟಿಯ ಗಣಕದಲ್ಲಿ ಹಾಗೆಯೇ ಉಳಿದಿದ್ದ ಕಾರಣ ಒಬ್ಬನನ್ನು ಬಂಧಿಸಿ ಶೋಧಿಸಲಾಯಿತು. ವಾದ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2009ರಲ್ಲಿ 5-4ರ ಬಹುಮತದಿಂದ, ಆ ಶೋಧದಲ್ಲಿ ಸಿಕ್ಕ ಸಾಕ್ಷ್ಯವನ್ನು ಕೈಬಿಡಬೇಕಿಲ್ಲ ಎಂಬ ತೀರ್ಪು ಬಂತು. ನ್ಯಾಯಾಧೀಶರೇ ಹೀಗೆ ಎರಡು ಪಾಲಾದ ಗೊಂದಲ ಹುಟ್ಟಿದ್ದು ಒಂದು ಅಳಿಸದ ನಮೂದಿನಿಂದ. ಬಂಧಿಸಲು ಹೊರಡುವ ಮುನ್ನ ವಾರಂಟಿನ ಸ್ಥಿತಿಯನ್ನು ನ್ಯಾಯಾಲಯದ ಕೋಶದಿಂದ ನೇರವಾಗಿ ಓದುವಂತೆ ಮಾಡಿ. ಠಾಣೆಯಲ್ಲಿರುವ ಪ್ರತಿಯನ್ನು ಆಧಾರವಾಗಿ ಒಪ್ಪಬೇಡಿ.

ಮೂರನೆಯದು ತೀರ್ಪು. ಅದನ್ನು ಆರೋಪಿವಾರು, ಆರೋಪವಾರು ಕಳುಹಿಸಿ, ಏಕೆಂದರೆ ಒಂದೇ ತೀರ್ಪಿನಲ್ಲಿ ಎ-1ಗೆ ಶಿಕ್ಷೆ, ಎ-2ಗೆ ಖುಲಾಸೆ ಆಗಿರಬಹುದು. ಮೇಲ್ಮನವಿ ಬಾಕಿಯಿದೆಯೇ ಎಂಬ ಗುರುತೂ ಇರಲಿ. ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಶಿಕ್ಷೆ ರದ್ದಾದರೆ ಆ ಸುದ್ದಿ ಮೂಲ ಠಾಣೆಗೆ, ಕಾರಾಗೃಹಕ್ಕೆ, ಬೆರಳಚ್ಚು ಘಟಕಕ್ಕೆ ಮೂರಕ್ಕೂ ಹೋಗಬೇಕು. ಹೈಕೋರ್ಟಿನ ಪ್ರಕರಣಕ್ಕೆ ಬೇರೆ ಸಿಎನ್‌ಆರ್ ಇರುವುದರಿಂದ ಕೆಳಗಿನ ನ್ಯಾಯಾಲಯದ ಸಂಖ್ಯೆಯನ್ನು ಮೇಲ್ಮನವಿ ದಾಖಲಿಸುವಾಗಲೇ ಕಡ್ಡಾಯಗೊಳಿಸಿ.

ಹಂತ 10: ಹಳೆಯ ದಾಖಲೆಗಳ ಶುದ್ಧೀಕರಣ

ಎಲ್ಲ ಹಳೆಯ ದಾಖಲೆಗಳನ್ನೂ ಒಮ್ಮೆಲೇ ಎತ್ತಿಕೊಳ್ಳಬೇಡಿ. ಇಂದು ಕಾರಾಗೃಹದಲ್ಲಿ ಇರುವವರ ಪ್ರಕರಣಗಳು ಮೊದಲು, ನಂತರ ಬಾಕಿ ವಾರಂಟ್‌ಗಳು, ನಂತರ ವಿಚಾರಣೆಯಲ್ಲಿರುವ ಉಳಿದ ಪ್ರಕರಣಗಳು, ಕೊನೆಗೆ ಮುಗಿದವು. ಅಂತಿಮ ಫಲಿತಾಂಶ ಸಿಗದ ಹಳೆಯ ದಸ್ತಗಿರಿ ನಮೂದುಗಳನ್ನು ಹಂಚಿಕೆಯ ಕೋಶಕ್ಕೆ ಸೇರಿಸಬೇಡಿ. ಫಲಿತಾಂಶ ಹುಡುಕುವವರೆಗೆ ಅವು ಪ್ರತ್ಯೇಕ ಪಟ್ಟಿಯಲ್ಲಿ ಇರಲಿ. ರೌಡಿ ಶೀಟ್ ಪೊಲೀಸರ ಆಂತರಿಕ ನಿಗಾ ಪಟ್ಟಿಯೇ ಹೊರತು ಯಾವ ನ್ಯಾಯಾಲಯದ ತೀರ್ಮಾನವೂ ಅಲ್ಲವಾದ್ದರಿಂದ, ಅದಕ್ಕೆ ಈ ಕೋಶದಲ್ಲಿ ಜಾಗವಿಲ್ಲ.

ಹಂತ 11: ಯಾರು ನೋಡಬಹುದು, ಯಾರು ನೋಡಿದರು

ಪ್ರವೇಶವನ್ನು ಹುದ್ದೆಗೆ ಕೊಡಿ, ವರ್ಗಾವಣೆಯಾದ ದಿನವೇ ಹಿಂಪಡೆಯಿರಿ. ಒಂದೇ ಪಾಸ್‌ವರ್ಡನ್ನು ಇಡೀ ಠಾಣೆ ಬಳಸುವ ರೂಢಿ ಇದ್ದರೆ ಉಳಿದ ಯಾವ ಭದ್ರತೆಗೂ ಅರ್ಥವಿಲ್ಲ. ಪ್ರತಿ ಹುಡುಕಾಟಕ್ಕೂ ಪ್ರಕರಣ ಸಂಖ್ಯೆ ಅಥವಾ ಕಾರಣ ಕೇಳಿ, ಯಾರು ಯಾವ ಹೆಸರನ್ನು ಯಾವಾಗ ನೋಡಿದರು ಎಂಬ ದಾಖಲೆಯನ್ನು ತಿದ್ದಲಾಗದಂತೆ ಇರಿಸಿ, ಅದರಲ್ಲಿ ಒಂದಿಷ್ಟನ್ನು ಪ್ರತಿ ತಿಂಗಳೂ ಬೇರೆ ಕಚೇರಿಯವರಿಂದ ಪರಿಶೀಲಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಅಪರಾಧ ತನಿಖೆಗೆ ಅನೇಕ ವಿನಾಯಿತಿಗಳನ್ನು ಕೊಟ್ಟಿದೆ ನಿಜ. ಆದರೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿರುವುದರಿಂದ, ಅಗತ್ಯಕ್ಕೆ ಮೀರಿದ ಬಳಕೆಯನ್ನು ಆ ವಿನಾಯಿತಿ ಕಾಪಾಡಲಾರದು.

ಹಂತ 12: ಪ್ರಯೋಗ, ಅಳತೆ, ತಿದ್ದುಪಡಿ

ಒಂದು ಠಾಣೆ, ಒಂದು ಮ್ಯಾಜಿಸ್ಟ್ರೇಟ್ ನ್ಯಾಯಾಲಯ, ಒಂದು ಸೆಷನ್ಸ್ ನ್ಯಾಯಾಲಯ ಮತ್ತು ಒಂದು ಕಾರಾಗೃಹದೊಂದಿಗೆ ಆರಂಭಿಸಿ. ಕೈಬರಹದ ರಿಜಿಸ್ಟರುಗಳನ್ನು ಆ ಅವಧಿಯಲ್ಲಿ ಮುಂದುವರಿಸಿ, ವಾರಕ್ಕೊಮ್ಮೆ ಎರಡನ್ನೂ ಹೋಲಿಸಿ. ಎಷ್ಟು ಲಕ್ಷ ದಾಖಲೆಗಳು ಸೇರಿದವು ಎಂಬ ಅಂಕಿ ಸಭೆಗಳಲ್ಲಿ ಚೆನ್ನಾಗಿ ಕೇಳಿಸುತ್ತದೆಯಾದರೂ ಏನನ್ನೂ ಹೇಳುವುದಿಲ್ಲ. ಜಾಮೀನು ಆದೇಶದಿಂದ ಬಿಡುಗಡೆಯವರೆಗಿನ ಅವಧಿ, ತಿರಸ್ಕೃತವಾಗಿ ಬಾಕಿ ಉಳಿದ ಸಂದೇಶಗಳ ವಯಸ್ಸು, ತೀರ್ಪಾಗಿಯೂ ಠಾಣೆಯಲ್ಲಿ ಫಲಿತಾಂಶ ಕಾಣದ ಪ್ರಕರಣಗಳ ಸಂಖ್ಯೆ ಇವನ್ನು ಅಳೆಯಿರಿ.

ತಪ್ಪು ದಾಖಲೆಯನ್ನು ಸರಿಪಡಿಸಿಕೊಳ್ಳಲು ಸಾರ್ವಜನಿಕರಿಗೂ ಒಂದು ದಾರಿ ಬೇಕು. ಅರ್ಜಿಯನ್ನು ಯಾವುದೇ ಇಲಾಖೆ ಸ್ವೀಕರಿಸಬಹುದು, ಆದರೆ ಅದು ಹಂತ 3ರಲ್ಲಿ ಗೊತ್ತುಮಾಡಿದ ಒಡೆಯನಿಗೆ ತಾನಾಗಿ ಹೋಗಬೇಕು, ಅರ್ಜಿದಾರನಿಗೆ ಸ್ವೀಕೃತಿ ಸಂಖ್ಯೆ ಮತ್ತು ಉತ್ತರದ ಗಡುವು ಸಿಗಬೇಕು. ತಿದ್ದುವಾಗ ಹಳೆಯ ನಮೂದನ್ನು ಅಳಿಸದೆ, ಅದು ಯಾವಾಗ ಯಾರ ಆದೇಶದಿಂದ ಬದಲಾಯಿತೆಂದು ಬರೆದು ಹೊಸದನ್ನು ಸೇರಿಸಿ. ಕಾನೂನೇ ನಾಶವನ್ನು ವಿಧಿಸಿರುವ ದಾಖಲೆಗಳು ಮಾತ್ರ ಇದಕ್ಕೆ ಹೊರತು. ಹಿಂದಿನ ತಪ್ಪು ಪ್ರತಿಯನ್ನು ಯಾವ ಯಾವ ವ್ಯವಸ್ಥೆಗಳು ಪಡೆದಿದ್ದವು ಎಂಬುದು ಸಂದೇಶಗಳ ದಾಖಲೆಯಲ್ಲಿ ಇರುತ್ತದೆ. ಆ ಎಲ್ಲ ಕಡೆಗೂ ತಿದ್ದುಪಡಿಯ ಸಂದೇಶ ಹೋಗಿ, ಒಂದೊಂದರಿಂದಲೂ "ಸೇರಿಸಿದ್ದೇನೆ" ಎಂಬ ಮರುಸಂದೇಶ ಬಂದ ಮೇಲಷ್ಟೇ ಅರ್ಜಿಯನ್ನು ಮುಕ್ತಾಯಗೊಳಿಸಿ.